ಗಾಲಿ ಬದಲಾಯಿತು, ನೊಗ ಉಳಿಯಿತು

ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ಪುಷ್ಯ ಮಾಸದ ಹುಣ್ಣಿಮೆಗೆ ತೇರು ಎಳೆಯುತ್ತಾರೆ. ಆ ತೇರಿನ ಹಗ್ಗ ಬರುವುದು ರೋಣ ತಾಲ್ಲೂಕಿನ ಮಾಡಲಗೇರಿಯಿಂದ, ಎತ್ತುಗಳು ಎಳೆದು ತರುವ ಹಳಿಬಂಡಿಯಲ್ಲಿ. ಬಸ್ಸು, ಜೀಪುಗಳ ಕಾಲಕ್ಕೆ ಮುನ್ನ ಜಾತ್ರೆಯ ಜನರೂ ಬರುತ್ತಿದ್ದುದು ಬಂಡಿಗಳಲ್ಲಿಯೇ. ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು, ಎತ್ತುಗಳಿಗೆ ಗೆಜ್ಜೆ ಬಿಗಿದು, ಕೊಲ್ಲಾರಿ ಬಂಡಿ ಹೂಡಿಕೊಂಡು ಹೊರಡುತ್ತಿದ್ದವು.

ಹಳೆಯ ಮೋಟಾರು ಕಾರಿನ ಮೈಯನ್ನು ಹಾಗೆಯೇ ಉಳಿಸಿ, ಮುಂಗಾಲಿಯ ಸ್ಪ್ರಿಂಗು, ಷಾಕ್ ಅಬ್ಸಾರ್ಬರುಗಳನ್ನು ಬದಲಿಸಿ ಸವಾರಿಯನ್ನು ಹಗುರ ಮಾಡಿಕೊಳ್ಳುವುದು ಇಂದು ಹಲವರ ಹವ್ಯಾಸ. ನಮ್ಮ ಚಕ್ಕಡಿಗೂ 20ನೆಯ ಶತಮಾನದಲ್ಲಿ ಇಂಥದೇ ಒಂದು ಮಾರ್ಪಾಡು ಆಯಿತು. ಮೇಲಿನ ಮೈ ಹೆಚ್ಚು ಬದಲಾಗಲಿಲ್ಲ, ಅಡಿಯ ಗಾಲಿ ಬದಲಾಯಿತು. ಆ ಬದಲಾವಣೆಯ ಲಾಭ ಯಾರಿಗೆ ಸಂದಿತು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಎರಡು ಗಾಲಿಯ ಬಂಡಿ ಮೂರು ಆಸರೆಗಳ ಮೇಲೆ ನಿಲ್ಲುವ ವಾಹನ. ಎರಡು ಆಸರೆ ಗಾಲಿಗಳು, ಮೂರನೆಯದು ಎತ್ತುಗಳ ಹೆಗಲು. ಹೇರು ಮುಂದಕ್ಕೆ ಸರಿದರೆ ನೊಗ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಸರಿದರೆ ಮೂಕಿ ಮೇಲೆದ್ದು ಕೊರಳಿನ ಜತ್ತಿಗೆ ಬಿಗಿಯುತ್ತದೆ. ಹೇರು ತುಂಬಿದ ಮೇಲೆ ಅನುಭವಿ ರೈತ ಮೂಕಿಯನ್ನು ಎತ್ತಿ ತೂಕ ನೋಡುವುದು ಇದಕ್ಕಾಗಿಯೇ. ಗಾಲಿ ಕಲ್ಲಿನ ಮೇಲೆ ಹಾರಿ ಬಿದ್ದಾಗ ಆ ಪೆಟ್ಟು ಅಚ್ಚಿನಿಂದ ಮೂಕಿಗೆ, ಮೂಕಿಯಿಂದ ನೊಗಕ್ಕೆ, ನೊಗದಿಂದ ಹೆಗಲಿಗೆ ಹಾಯುತ್ತದೆ. ಮೋಟಾರಿನಲ್ಲಿ ಸ್ಪ್ರಿಂಗು ಮಾಡುವ ಕೆಲಸವನ್ನು ಇಲ್ಲಿ ಎತ್ತಿನ ಮಾಂಸಖಂಡ ಮಾಡಬೇಕು. ಕುದುರೆಯ ಟಾಂಗಾಕ್ಕೆ ಉಕ್ಕಿನ ಕಮಾನು ಪಟ್ಟಿಗಳಿದ್ದವು, ಏಕೆಂದರೆ ಅದರಲ್ಲಿ ಕೂರುವವರು ಮನುಷ್ಯರು. ಜೋಳದ ಚೀಲ, ಹತ್ತಿಯ ಅಂಡಿಗೆ ಕುಲುಕಾಟದ ದೂರು ಹೇಳುವುದಿಲ್ಲ.

ಹಳೆಯ ಗಾಲಿ ಬಡಿಗ ಮತ್ತು ಕಂಬಾರ ಇಬ್ಬರ ಜಂಟಿ ಕೆಲಸ. ಬಡಿಗ ಜಾಲಿಯಂಥ ಗಟ್ಟಿ ಮರದಲ್ಲಿ ಗುಂಬ ಕಡೆದು, ಅದರಲ್ಲಿ ಅರೆಕಾಲುಗಳನ್ನು ನೆಟ್ಟು, ಬಾಗಿದ ಮರದ ತುಂಡುಗಳಿಂದ ಸುತ್ತು ಕೂಡಿಸುತ್ತಿದ್ದ. ಕಂಬಾರ ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿಯೇ ಬೆಸೆಯುತ್ತಿದ್ದ. ಕುರುಳಿನ ಬೆಂಕಿಯಲ್ಲಿ ಕೆಂಪಗೆ ಕಾದ ಹಳಿ ಹಿಗ್ಗುತ್ತದೆ. ಇಕ್ಕಳದಿಂದ ಎತ್ತಿ ಗಾಲಿಗೆ ಕೂರಿಸಿ ನೀರು ಸುರಿದರೆ ಅದು ಕುಗ್ಗಿ, ಮರದ ಎಲ್ಲ ಕೀಲುಗಳನ್ನೂ ಒಮ್ಮೆಗೇ ಬಿಗಿಯುತ್ತದೆ. ಮೊಳೆಯ ಬಲಕ್ಕಿಂತ ಲೋಹದ ಗುಣವನ್ನು ನಂಬಿದ ಈ ವಿದ್ಯೆ ಬಂದದ್ದು ಕೈಯ ಅನುಭವದಿಂದ. ಕೂಲಿಯಾಗಿ ಸುಗ್ಗಿಯಲ್ಲಿ ಕಣದಿಂದ ಇಬ್ಬರಿಗೂ ಆಯ ಸಲ್ಲುತ್ತಿತ್ತು.

ಈ ಎತ್ತರದ ಗಾಲಿ ಈ ನೆಲಕ್ಕೆ ಹೊಂದುವಂಥದು. ಹುನಗುಂದ ಸೀಮೆಯ ಎರೆ ಮಣ್ಣು ಮಳೆಗೆ ಅಂಟು, ಬೇಸಿಗೆಗೆ ಬಿರುಕು. ದೊಡ್ಡ ಸುತ್ತಿನ ಗಾಲಿ ತಗ್ಗು, ಬಿರುಕುಗಳನ್ನು ಸುಲಭವಾಗಿ ದಾಟುತ್ತದೆ. ಎರೆ ಹೊಲಕ್ಕೆಂದೇ ಸಾಂಗಲಿ, ಮೀರಜ ಸೀಮೆಯ ಸಂಸ್ಥಾನಿಕರು 19ನೆಯ ಶತಮಾನದಲ್ಲಿ ಕೃಷ್ಣಾ ತೀರದ ಭಾರಿ ಎತ್ತಿನ ತಳಿಗೆ ಉತ್ತೇಜನ ಕೊಟ್ಟಿದ್ದರು. 1884ರಲ್ಲಿ ಹೊಟಗಿ–ಗದಗ ರೈಲು ಮಾರ್ಗ ಬಾಗಲಕೋಟೆ, ಬಾದಾಮಿಗಳ ಮೂಲಕ ಹಾದುಹೋಯಿತು. ಹುನಗುಂದ, ಇಳಕಲ್ ಆ ಮಾರ್ಗದಿಂದ ದೂರ ಉಳಿದವು. ಅಲ್ಲಿಯ ಸರಕು ನಿಲ್ದಾಣ ತಲುಪಲು ಬಂಡಿಯೇ ಗತಿಯಾಗಿತ್ತು. ಹೀಗೆ ರೈಲು ಬಂದದ್ದರಿಂದ ಎತ್ತಿನ ಕೆಲಸ ಕಡಿಮೆಯಾಗಲಿಲ್ಲ.

ಗಾಲಿಗೆ ಕುತ್ತು ಬಂದದ್ದು ರಸ್ತೆಯ ಕಡೆಯಿಂದ. ಕಬ್ಬಿಣದ ಹಳಿಯ ಅಗಲ ಕೆಲವೇ ಬೆರಳು. ಬಂಡಿಯ ಭಾರವೆಲ್ಲ ಆ ಕಿರಿದಾದ ಪಟ್ಟಿಯ ಮೇಲೆ ಬಿದ್ದು ಜಲ್ಲಿ ರಸ್ತೆಯನ್ನು ಅರೆದು ಪುಡಿ ಮಾಡುತ್ತಿತ್ತು. ಮೋಟಾರು ಹೆಚ್ಚಿದಂತೆ ರಸ್ತೆ ಎಂಜಿನಿಯರುಗಳಿಗೆ ಇದು ತಲೆನೋವಾಯಿತು. 1943ರ ನಾಗಪುರ ಯೋಜನೆಯೊಡನೆ ದೇಶದ ರಸ್ತೆಗಳಿಗೆ ಒಂದು ಕ್ರಮ ಬಂದಾಗ, ಅವುಗಳ ಮೇಲೆ ಓಡುವ ಬಂಡಿಯೂ ಬದಲಾಗಬೇಕೆಂಬ ಮಾತು ಬಲಗೊಂಡಿತು. ಗಾಳಿ ತುಂಬಿದ ರಬ್ಬರ್ ಟೈರು ಬಂಡಿಗೆ ಬಂತು. ಉತ್ತರ ಭಾರತದ ಕೆಲವೆಡೆ ಇಂಥ ಬಂಡಿಗೆ ಡನ್ಲಪ್ ಎಂದೇ ಹೆಸರಾಯಿತು. ನಮ್ಮಲ್ಲಿ ಅದು ಟೈರಿನ ಬಂಡಿ. ಗುಜರಿಗೆ ಬಿದ್ದ ಮೋಟಾರುಗಳ ಅಚ್ಚು, ಟೈರು, ಬೇರಿಂಗುಗಳು ಎಷ್ಟೋ ಬಂಡಿಗಳ ಅಡಿ ಸೇರಿದವು.

ಅನುಕೂಲ ದೊಡ್ಡದೇ. ಟೈರಿನ ಗಾಳಿ ಕುಲುಕನ್ನು ನುಂಗುತ್ತದೆ. ಬೇರಿಂಗು ಅಚ್ಚಿನ ತಿಕ್ಕಾಟವನ್ನು ತಗ್ಗಿಸುತ್ತದೆ. ಗಟ್ಟಿ ರಸ್ತೆಯಲ್ಲಿ ಅಷ್ಟೇ ಹೇರನ್ನು ಎಳೆಯಲು ಎತ್ತಿಗೆ ಕಡಿಮೆ ಬಲ ಸಾಕು. ಆದರೆ ಹೇರು ಅಷ್ಟಕ್ಕೇ ನಿಲ್ಲಲಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1960ರಲ್ಲಿ ಬಂದ ಕಾಯಿದೆಯ ಅಡಿಯಲ್ಲಿ 1965ರಲ್ಲಿ ಮಾಡಿದ ನಿಯಮಗಳು ಇದಕ್ಕೆ ಸಾಕ್ಷಿ. ಮಧ್ಯಮ ಗಾತ್ರದ ಒಂದು ಎತ್ತು ಎರಡು ಗಾಲಿಯ ಬಂಡಿಯಲ್ಲಿ ಎಳೆಯಬಹುದಾದ ಗರಿಷ್ಠ ಹೇರನ್ನು ಅವು ಹೀಗೆ ಗೊತ್ತು ಮಾಡಿವೆ: ರಬ್ಬರ್ ಟೈರು ಇಲ್ಲದಿದ್ದರೆ 700 ಕಿಲೋ, ಟೈರು ಇದ್ದರೆ 1,050 ಕಿಲೋ, ಬಾಲ್ ಬೇರಿಂಗು ಇದ್ದರೆ 1,400 ಕಿಲೋ. ಗಾಲಿ ಸುಧಾರಿಸಿದಂತೆ ಹೇರಿನ ಮಿತಿ ಇಮ್ಮಡಿಯಾಯಿತು. ಉಳಿದ ಬಲ ಎತ್ತಿನ ಪಾಲಿಗೆ ಬಾರದೆ ಹೇರಿನ ಪಾಲಾಯಿತು. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ಮೀರಿದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಎತ್ತು ಹೂಡಬಾರದೆಂದೂ ಅದೇ ನಿಯಮಗಳಲ್ಲಿದೆ. ಬಾಗಲಕೋಟೆಯ ಬೇಸಿಗೆ ಬಲ್ಲವರಿಗೆ ಆ ಮಾತಿನ ಬೆಲೆ ಗೊತ್ತು.

ಈ ಲೆಕ್ಕವನ್ನು ಎತ್ತಿನ ಕಡೆಯಿಂದ ನೋಡಿದವರಲ್ಲಿ ಪ್ರಮುಖರು ಬೆಂಗಳೂರಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕ ಪ್ರೊ. ಎನ್.ಎಸ್. ರಾಮಸ್ವಾಮಿ. ದೊಡ್ಡ ಉದ್ಯಮಗಳ ಆಡಳಿತ ಕಲಿಸಲು ಹುಟ್ಟಿದ ಸಂಸ್ಥೆಯಲ್ಲಿ ಕೂತು ಅವರು 1970ರ ದಶಕದಲ್ಲಿ ಎತ್ತಿನ ಬಂಡಿಯ ಅಧ್ಯಯನಕ್ಕೆ ಕೈಹಾಕಿದರು. ದೇಶದಲ್ಲಿ ಸುಮಾರು ಒಂದೂವರೆ ಕೋಟಿ ಬಂಡಿಗಳಿವೆ ಎಂಬುದು ಅವರ ಅಂದಾಜು. ಟೈರು, ಬೇರಿಂಗುಗಳಷ್ಟೇ ಸಾಲದು, ನೊಗವೂ ಸುಧಾರಿಸಬೇಕು ಎಂಬುದು ಅವರ ವಾದದ ಮುಖ್ಯ ಅಂಶ. ದುಂಡು ಮರದ ನೊಗ ಹೆಗಲಿನ ಸಣ್ಣ ಭಾಗಕ್ಕೆ ಮಾತ್ರ ತಾಗುತ್ತದೆ. ಎಳೆತದ ಒತ್ತಡವೆಲ್ಲ ಅಲ್ಲಿಯೇ ಸೇರಿ ಚರ್ಮ ಕಿತ್ತು, ಹುಣ್ಣಾಗಿ, ಕೊನೆಗೆ ಜಡ್ಡುಗಟ್ಟುತ್ತದೆ. ತಾಗುವ ಜಾಗ ಅಗಲವಾದರೆ, ಅದಕ್ಕೊಂದು ಮೆತ್ತೆ ಇದ್ದರೆ, ಎತ್ತಿನ ನೋವು ತಗ್ಗಿ ದುಡಿಮೆಯೂ ಹೆಚ್ಚುತ್ತದೆ. 1981ರಲ್ಲಿ ನೈರೋಬಿಯ ವಿಶ್ವಸಂಸ್ಥೆಯ ಶಕ್ತಿ ಸಮ್ಮೇಳನದಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅವರೂ ಭಾರತದ ಜಾನುವಾರು ಶಕ್ತಿಯ ಮಹತ್ವವನ್ನು ಪ್ರಸ್ತಾಪಿಸಿದರು.

ಆದರೂ ಟೈರು ಹಬ್ಬಿದಂತೆ ಸುಧಾರಿತ ನೊಗ ಹಬ್ಬಲಿಲ್ಲ. ಕಾರಣ ಕಷ್ಟದ್ದೇನಲ್ಲ. ಟೈರು ಹಾಕಿಸಿದ ಮರುದಿನವೇ ಎರಡು ಚೀಲ ಹೆಚ್ಚು ಹೇರಬಹುದು, ಹಾಕಿದ ಹಣ ಮರಳುತ್ತದೆ. ನೊಗ ಬದಲಿಸಿದರೆ ಮೊದಲ ಲಾಭ ಎತ್ತಿಗೆ, ರೈತನಿಗೆ ಸಿಗುವುದು ನಿಧಾನವಾಗಿ. ಸಾಲದಲ್ಲಿರುವವನು ಮೊದಲನೆಯದನ್ನೇ ಆರಿಸುತ್ತಾನೆ. ಅಷ್ಟರಲ್ಲಿ ಟ್ರ್ಯಾಕ್ಟರ್ ಬಂದು ಬಂಡಿಯ ಪ್ರಶ್ನೆಯನ್ನೇ ಬದಿಗೆ ಸರಿಸಿತು.

ಗಾಲಿಯ ಜೊತೆಗೆ ಒಂದು ಕಸುಬೂ ಸರಿಯಿತು. ಟೈರಿಗೆ ಬಡಿಗನ ಗುಂಬ ಬೇಡ, ಕಂಬಾರನ ಹಳಿ ಬೇಡ. ಆಯದ ಜೋಳ ನಿಂತ ಮೇಲೆ ಬಡಿಗ ಬಾಗಿಲು, ಕಿಟಕಿಗಳ ಕೆಲಸಕ್ಕೆ ಹೊರಳಿದ. ಕಂಬಾರನ ಕುಲುಮೆಗೆ ಲಾರಿಗಳ ಮುರಿದ ಕಮಾನು ಪಟ್ಟಿ ಬಂತು. ಒಳ್ಳೆಯ ಉಕ್ಕೆಂದು ಅದನ್ನು ಕಾಸಿ ಕೊಡಲಿ, ಕುಡಗೋಲು ಮಾಡಿದರು. ಕುಲುಕು ತಡೆಯಲೆಂದೇ ಹುಟ್ಟಿದ ಆ ಉಕ್ಕು ಊರಿನೊಳಕ್ಕೆ ಬಂದರೂ ಹೇರಿನ ಬಂಡಿಯ ಅಡಿಗೆ ಸೇರಲಿಲ್ಲ.

ಇಂದಿಗೂ ಕಬ್ಬಿನ ಹಂಗಾಮಿನಲ್ಲಿ ಬಾಗಲಕೋಟೆ ಜಿಲ್ಲೆಯ ರಸ್ತೆಗಳಲ್ಲಿ ಟೈರಿನ ಬಂಡಿಗಳು ಕಾಣುತ್ತವೆ. ಗಾಲಿ ಮೋಟಾರಿನದು, ಬೇರಿಂಗು ಕಾರ್ಖಾನೆಯದು, ರಸ್ತೆ ಡಾಂಬರಿನದು. ಮುಂದೆ ಮಾತ್ರ ಅದೇ ದುಂಡು ಮರದ ನೊಗ, ಅದರ ಅಡಿಯಲ್ಲಿ ಜಡ್ಡುಗಟ್ಟಿದ ಹೆಗಲು.