ಫೋಟೋ ತೊಳೆದ ನೀರು



ಅಕ್ಟೋಬರ್ 8 ವಾಯುಪಡೆ ದಿನ. 1932ರಲ್ಲಿ ಭಾರತೀಯ ವಾಯುಪಡೆ ಹುಟ್ಟಿದ್ದು ಅವತ್ತೇ. ಪ್ರತಿ ವರ್ಷ ಪೈಲಟ್‌ಗಳ ಫೋಟೋ ಹಾಕಿ ಸೆಲ್ಯೂಟ್ ಹೊಡೀತಾರೆ, ಹೊಡೀಲಿ. ನಾನು ಬಿಳಿಗೆರೆಯ ನಮ್ಮ ತಾತನ ಬಗ್ಗೆ ಬರೀತೀನಿ. ಅವರು ವಿಮಾನ ಓಡಿಸಿದವರಲ್ಲ. ಬರ್ಮಾ ಯುದ್ಧದಲ್ಲಿ ಒಂದು ಬೇಹು ಸ್ಕ್ವಾಡ್ರನ್ನಿನ ಜೊತೆ ಹೋಗಿದ್ದ ಸ್ವೀಪರ್.

ತಾತ ತೆಂಗಿನ ತೋಟವೊಂದರಲ್ಲಿ ಜೀತಕ್ಕಿದ್ದರು. 1943ರಲ್ಲಿ ಒಂದು ದಿನ ಯಾರಿಗೂ ಹೇಳದೆ ತಿಪಟೂರು ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತಿಬಿಟ್ಟರು. ಏರ್‌ಮನ್ ಆಗೋಕೆ ಇಂಗ್ಲಿಷ್ ಓದು ಬೇಕಿತ್ತು. ಶಾಲೆಗಳಲ್ಲಿ ನಮ್ಮ ಮಕ್ಕಳನ್ನೂ ಸೇರಿಸ್ಕೋಬೇಕು ಅಂತ ಮೈಸೂರು ಸರ್ಕಾರ 1915ರಲ್ಲೇ ಹೇಳಿತ್ತು ನಿಜ. ಆ ಮಾತು ನಮ್ಮ ಹಟ್ಟಿ ಮುಟ್ಟೋ ಹೊತ್ತಿಗೆ ತಾತನಿಗೆ ಮೀಸೆ ಬಂದಿತ್ತು. ಅಡುಗೆಯವನು, ದೋಬಿ, ಭಿಸ್ತಿ, ಸ್ವೀಪರ್, ಇಷ್ಟಕ್ಕೆ ಓದು ಬೇಕಿರಲಿಲ್ಲ. ಅದರಲ್ಲಿ ತಾತನಿಗೆ ಸಿಕ್ಕಿದ್ದು ಪೊರಕೆ.

ಸೇನೆಗೂ ನಮ್ಮವರಿಗೂ ಇರೋ ಸಂಬಂಧ ಹಳೇದು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರ್ ಆಗಿದ್ದವರು. ಅಂಥ ಮಹಾರರ ಭರ್ತಿಯನ್ನೇ 1890ರ ದಶಕದಲ್ಲಿ ಬ್ರಿಟಿಷರು ನಿಲ್ಲಿಸಿದರು, ಕೆಲವು ಜಾತಿಗಳು ಮಾತ್ರ ವೀರ ಜಾತಿಗಳಂತೆ! ಎರಡನೇ ಮಹಾಯುದ್ಧಕ್ಕೆ 25 ಲಕ್ಷ ಜನ ಬೇಕಾದಾಗ ಆ ಸಿದ್ಧಾಂತ ಸಡಿಲ ಆಯ್ತು. ಬಾಬಾಸಾಹೇಬರು ಪಟ್ಟು ಹಿಡಿದಿದ್ದರು. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದಿದ್ದು ನಮ್ಮ ಬೆಳಗಾವಿಯಲ್ಲಿ. 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದರು, ಬರ್ಮಾದ ಕಡೆ ಹೋರಾಡೋಕೆ ಕಳಿಸಿದರು, 1946ರಲ್ಲಿ ಮುಚ್ಚಿದರು. ಬೇಕಾದಾಗ ಕರೆದರು, ಮುಗಿದ ಮೇಲೆ ಕಳಿಸಿದರು.

ಇನ್ನು ಬೇಹು ಹಾರಾಟ. ಜಪಾನಿನ ಸೈನ್ಯ ಕಾಡಿನೊಳಗೆ ಅಡಗಿತ್ತು, ಎಲ್ಲಿದೆ ಅಂತ ನೆಲದಿಂದ ಕಾಣ್ತಿರಲಿಲ್ಲ. ಮೆಹರ್ ಸಿಂಗ್ ನಾಯಕರಾಗಿದ್ದ 6ನೇ ಸ್ಕ್ವಾಡ್ರನ್ 1943ರ ಕೊನೆಗೆ ಕಾಕ್ಸ್ ಬಜಾರ್‌ಗೆ ಹೋಯ್ತು. ಆಗ ಅದು ಬ್ರಿಟಿಷ್ ಇಂಡಿಯಾ, ಈಗ ಬಾಂಗ್ಲಾದೇಶ. ಹದಿನಾಲ್ಕನೇ ಸೇನೆಯ ಕಣ್ಣು ಅಂತಲೇ ಅದಕ್ಕೆ ಹೆಸರು ಬಿತ್ತು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗರ 1ನೇ ಸ್ಕ್ವಾಡ್ರನ್ ಇತ್ತು. ಹರಿಕೇನ್ ವಿಮಾನಗಳು ಜೋಡಿಯಾಗಿ ಹೋಗ್ತಿದ್ವು, ಒಬ್ಬ ನೆಲ ನೋಡೋದು, ಇನ್ನೊಬ್ಬ ಶತ್ರು ವಿಮಾನ ಬರ್ತದಾ ಅಂತ ಆಕಾಶ ಕಾಯೋದು. ಫೋಟೋಗಳನ್ನ ಒಂದರ ಜಾಗ ಇನ್ನೊಂದರಲ್ಲೂ ಅರ್ಧಕ್ಕಿಂತ ಹೆಚ್ಚು ಬರೋ ಹಾಗೆ ಸಾಲಾಗಿ ತೆಗೀತಿದ್ರು. ಎರಡನ್ನ ಪಕ್ಕಪಕ್ಕ ಇಟ್ಟು ಜೋಡಿ ಮಸೂರದಲ್ಲಿ ನೋಡಿದರೆ ಗುಡ್ಡ, ಹಳ್ಳ, ಬಂಕರ್ ಎಲ್ಲಾ ಎದ್ದು ಕಾಣ್ತವೆ.

ಇಂಥದ್ದೇ ಒಂದು ಸ್ಕ್ವಾಡ್ರನ್ನಿನ ಫೋಟೋ ಡೇರೆಯ ಪಕ್ಕ ತಾತ ಇದ್ದರು. 1945ರಲ್ಲಿ ಅದರ ಜೊತೆ ಬರ್ಮಾದೊಳಕ್ಕೂ ಹೋದರು. ಗುಡಿಸೋ ಕೆಲಸಕ್ಕೆ ಹೋದವರ ತಲೆಗೆ ನೀರಿನ ಕೆಲಸ ಬಂತು. ಫಿಲಂ ತೊಳೆಯೋಕೆ ಬೇಕಾದಷ್ಟು ನೀರು ಬೇಕು. ಔಷಧಿ ಬಿಡೋವರೆಗೂ ನೀರು ಬದಲಾಯಿಸ್ತಾನೇ ಇರಬೇಕು. ಒಂದು ಮರಳಿನ ಕಣ ಅಂಟಿದರೂ ಫೋಟೋದಲ್ಲಿ ಚುಕ್ಕೆ. ಆ ಚುಕ್ಕೆ ಬಂಕರ್ರೋ ಕಸವೋ ಹೇಳೋರ್ಯಾರು? ಹಂಗಾಗಿ ತಾತ ಪಂಚೆ ಬಟ್ಟೆ ಮಡಿಸಿ ಎರಡೆರಡು ಸಲ ಸೋಸೋರು.

ಆದರೆ ಕುಡಿಯೋ ನೀರನ್ನ ಅವರು ಮುಟ್ಟೋ ಹಾಗಿರಲಿಲ್ಲ. ಅದಕ್ಕೆ ಬೇರೆ ಜನ ಇದ್ದರು.

‘ನಾ ಸೋಸಿದ್ ನೀರ್ನಾಗೆ ಯುದ್ಧದ ಪೋಟ ತೊಳೀತಿದ್ರು ಕಣ್ಲಾ. ಅದೇ ನೀರ ಅಡುಗೆ ಡೇರೆತಕ್ಕೆ ತಕ್ಕಂಡೋದ್ರೆ ಬೈದು ಓಡಿಸೋರು’ ಅಂತ ನಗ್ತಾ ಹೇಳೋರು. ಚಿಕ್ಕವನಾಗಿದ್ದಾಗ ನಾನೂ ಜೊತೆಗೆ ನಗ್ತಿದ್ದೆ.

ಕೆಟ್ಟುಹೋಗಿ ಬಿಸಾಕಿದ ಫೋಟೋಗಳನ್ನ ಗುಡಿಸುವಾಗ ತಾತ ನೋಡ್ತಿದ್ದರಂತೆ. ತೆಂಗಿನ ಸುಳಿ ಮೇಲಿಂದ ನಕ್ಷತ್ರದ ಥರ ಕಾಣ್ತದೆ ಅಂತ ನನಗೆ ಹೇಳಿದ್ದು ಅವರೇ. ಊರಲ್ಲಿದ್ದಾಗೆಲ್ಲ ಬುಡದಿಂದ ನೋಡಿದ ಮರ. ನಾನೊಂದು ಸಲ ಕೇಳಿದ್ದೆ, ‘ನಮ್ಮೂರನ್ನ ಹಂಗೆ ಮೇಲಿಂದ ತೆಗೆದಿದ್ರೆ ಹಟ್ಟಿ ಯಾವುದು ಅಂತ ಗೊತ್ತಾಗ್ತಿತ್ತಾ ತಾತ?’

‘ಬಾವಿ ಎಲ್ಲೈತೆ ನೋಡು. ಅದುಕ್ಕೆ ದೂರ ಇರೋದೇ ಹಟ್ಟಿ.’

ಅದೇ ಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ಸೇನೆ ಕೈಯಲ್ಲಿತ್ತು. ಸಮುದ್ರದ ಮೇಲೆ ಬೇಹು ನಡೆಸೋ ಕ್ಯಾಟಲಿನಾ ಅನ್ನೋ ವಿಮಾನಗಳು ಅಲ್ಲಿಗೆ ರಿಪೇರಿಗೆ ಬಂದು ಬೆಳ್ಳಂದೂರು ಕೆರೆ ನೀರಿನ ಮೇಲೇ ಇಳೀತಿದ್ವು. ವಿಮಾನ ಇಳಿಯೋಕೆ ಕೆರೆ ಇತ್ತು. ನಮ್ಮವರು ಕೆರೆಗೆ ಇಳಿಯೋಕೆ 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ಯಾಗ್ರಹ ಮಾಡಬೇಕಾಯ್ತು, ಹೊಡೆಸಿಕೊಂಡು ಬರಬೇಕಾಯ್ತು.

1946ರಲ್ಲಿ ತಾತ ವಾಪಸ್ ಬಂದರು. ಖಾಕಿ ಚಡ್ಡಿ, ಒಂದು ಟ್ರಂಕು, ಅದರಲ್ಲಿ ಮೆಡಲ್ಲು. ಬಂದ ದಿನ ಅಜ್ಜಿ ಖಾಲಿ ಬಿಂದಿಗೆ ಇಟ್ಟುಕೊಂಡು ಬಾವಿಯಿಂದ ದೂರ ಕೂತಿದ್ದರಂತೆ, ಯಾರಾದರೂ ಸೇದಿ ಹುಯ್ಯಲಿ ಅಂತ. ತಾತ ಆ ಖಾಕಿಯಲ್ಲೇ ಹೋಗಿ ಪಕ್ಕದಲ್ಲಿ ಕೂತರು. ಸಂಜೆವರೆಗೂ ಇಬ್ಬರೂ ಕಾದರು.

ಹಟ್ಟಿಗೆ ಕೊಳಾಯಿ ಬಂದಿದ್ದು ನಾನು ಹೈಸ್ಕೂಲಿಗೆ ಹೋಗೋ ಕಾಲಕ್ಕೆ. ಮೊದಲ ನೀರನ್ನ ತಾತ ಗಾಜಿನ ಲೋಟಕ್ಕೆ ಹಿಡಿದು, ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ‘ಮಳ್ಳೈತೆ’ ಅಂದು ಒಳಗಿಂದ ಬಟ್ಟೆ ತರೋಕೆ ನನ್ನ ಕಳಿಸಿದರು.