ಮೂಲೆ ಪಕ್ಕಾಸಿನ ಲೆಕ್ಕ ಮತ್ತು ಉಕ್ಕಿನ ಮೂಲೆಮಟ್ಟ

ನಾಲ್ಕೂ ಗೋಡೆಗಳ ಕಡೆಗೆ ಇಳಿಜಾರಿರುವ ಮಾಡನ್ನು ಕಟ್ಟುವ ಬಡಗಿಗೆ ನಿಜವಾದ ತೊಡಕು ಎದುರಾಗುವುದು ಅದರ ಮೂಲೆಗಳಲ್ಲಿ. ಕರಾವಳಿ ಕರ್ನಾಟಕದಲ್ಲಿ ಪಕ್ಕಾಸು ಎಂದು ಕರೆಯುವ ಮರವು ಗೋಡೆಯ ತಲೆಯಿಂದ ಮಾಡಿನ ನೆತ್ತಿಗೆ ನೇರವಾಗಿ ಏರುತ್ತದೆ; ಎರಡು ಇಳಿಜಾರುಗಳು ಕೂಡುವ ಗೆರೆಯಲ್ಲಿ ಓರೆಯಾಗಿ ಕೂರುವ ಮೂಲೆ ಪಕ್ಕಾಸು ಅಷ್ಟೇ ಎತ್ತರವನ್ನು ಹೆಚ್ಚು ದೂರ ಸಾಗಿ ಮುಟ್ಟಬೇಕಾದ್ದರಿಂದ ಅದರ ಉದ್ದವೂ ಬೇರೆ, ಕೊಯ್ತದ ಕೋನವೂ ಬೇರೆ; ಅದಕ್ಕೆ ಬಂದು ತಾಗುವ ಕಿರುಪಕ್ಕಾಸುಗಳಂತೂ ಒಂದರಿಂದೊಂದಕ್ಕೆ ಗಿಡ್ಡವಾಗುತ್ತ ಹೋಗುತ್ತವೆ.

ಇಂಥ ಮರಗಳನ್ನು ಲೆಕ್ಕದಿಂದ ಕೊಯ್ಯುವ ದಾರಿ ಸಿಗುವ ಮೊದಲು, ಅಮೆರಿಕದ ಈಶಾನ್ಯದಲ್ಲಿರುವ ನ್ಯೂ ಇಂಗ್ಲೆಂಡಿನಲ್ಲಿ 18ನೆಯ ಶತಮಾನದವರೆಗೂ ಮರಗಳನ್ನು ನೆಲದ ಮೇಲೆ ಒಂದರ ಮೇಲೊಂದು ಹರಡಿ, ಪ್ರತಿಯೊಂದು ಸಂದನ್ನೂ ಅದರ ಜೋಡಿ ಮರದ ಸೊಟ್ಟ ಉಬ್ಬುಗಳಿಗೆ ತಕ್ಕಂತೆ ಗುರುತಿಸಿ ಕೊಯ್ದು, ಯಾವ ಮರ ಎಲ್ಲಿಗೆ ಸೇರಬೇಕೆಂಬುದನ್ನು ರೋಮನ್ ಅಂಕಿಗಳಲ್ಲಿ ಕೆತ್ತಿಡುವ ಪದ್ಧತಿಯಿತ್ತು. ಹೀಗೆ ಕೊಯ್ದ ಮರ ತನ್ನ ಜೋಡಿಗಲ್ಲದೆ ಬೇರೊಂದಕ್ಕೆ ಹೊಂದುತ್ತಿರಲಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಬಡಗಿಗಳು ಸೊಟ್ಟ ತೊಲೆಯೊಳಗೂ ಒಂದು ನೇರ ಚೌಕದ ತೊಲೆಯಿದೆಯೆಂದು ಭಾವಿಸಿ, ಸಂದಿನ ಜಾಗವನ್ನು ಮಾತ್ರ ಆ ಅಳತೆಗೆ ಇಳಿಸತೊಡಗಿದ ಮೇಲೆ, ಮರಗಳನ್ನು ಜೊತೆಗಿಟ್ಟು ನೋಡದೆಯೇ ಲೆಕ್ಕದಿಂದ ಕೊಯ್ಯಲು ಸಾಧ್ಯವಾಯಿತು. ಮಾಡಿನ ಕೆಲಸದ ಇತಿಹಾಸದಲ್ಲಿ ಯಾವ ಹೊಸ ಉಪಕರಣಕ್ಕಿಂತಲೂ ಈ ಕಲ್ಪನೆಯೇ ದೊಡ್ಡದು.

ಅಂಥ ಲೆಕ್ಕಕ್ಕೆ ನಂಬಬಹುದಾದ ಮೂಲೆಮಟ್ಟ, ಅಂದರೆ ಎರಡು ತೋಳುಗಳು ಲಂಬಕೋನದಲ್ಲಿ ಕೂಡಿರುವ ಅಳತೆಪಟ್ಟಿ, ಬೇಕಾಗಿತ್ತು. ಅದೇ ನ್ಯೂ ಇಂಗ್ಲೆಂಡಿನ ವರ್ಮಾಂಟ್ ರಾಜ್ಯದ ಶಾಫ್ಟ್ಸ್‌ಬರಿಯ ಕಮ್ಮಾರ ಸೈಲಾಸ್ ಹಾಸ್ ಸವೆದ ಗರಗಸಗಳ ಉಕ್ಕನ್ನು ಬೆಸೆದು ಅದನ್ನು ಮಾಡತೊಡಗಿದನೆಂಬ ಪ್ರತೀತಿಯಿದೆ; 1819ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಮುಂದೆ ರೂಢಿಯಾದ ಅಳತೆಯಲ್ಲಿ ಉದ್ದದ ತೋಳು 24 ಅಂಗುಲ, ಗಿಡ್ಡ ತೋಳು 16 ಅಂಗುಲ.

ಗೋಡೆಯಿಂದ ಒಳಕ್ಕೆ 12 ಅಂಗುಲ ಸಾಗುವಷ್ಟರಲ್ಲಿ ಮಾಡು 6 ಅಂಗುಲ ಏರುತ್ತದೆಂದು ಇಟ್ಟುಕೊಂಡರೆ, ಸಾಮಾನ್ಯ ಪಕ್ಕಾಸಿಗೆ ಮೂಲೆಮಟ್ಟದ ಒಂದು ತೋಳಿನ 12ನ್ನೂ ಇನ್ನೊಂದರ 6ನ್ನೂ ಮರದ ಅಂಚಿಗೆ ಹಿಡಿದು ಗೆರೆ ಎಳೆದರೆ ಕೊಯ್ತದ ಕೋನ ಸಿಗುತ್ತದೆ. ಮೂಲೆ ಪಕ್ಕಾಸಾದರೋ 12 ಅಂಗುಲದ ಚೌಕದ ಕರ್ಣದ ಮೇಲೆ ಸಾಗುತ್ತದೆ. ಆ ಕರ್ಣ 16.97 ಅಂಗುಲ, ಆದ್ದರಿಂದ ಬಡಗಿ 12ರ ಬದಲು 17ನ್ನು ಹಿಡಿಯುತ್ತಾನೆ, 6 ಹಾಗೆಯೇ ಉಳಿಯುತ್ತದೆ. ಅದೇ ಮಾಡಿನಲ್ಲಿ ಗೋಡೆಯಿಂದ ಒಳಕ್ಕೆ ಸಾಗುವ ಪ್ರತಿ ಅಡಿಗೆ ಸಾಮಾನ್ಯ ಪಕ್ಕಾಸಿನ ಉದ್ದ 13.42 ಅಂಗುಲ, ಮೂಲೆ ಪಕ್ಕಾಸಿನದು ಸರಿಯಾಗಿ 18. ಪಕ್ಕಾಸುಗಳು 16 ಅಂಗುಲಕ್ಕೊಂದರಂತೆ ಇದ್ದರೆ ಒಂದೊಂದು ಕಿರುಪಕ್ಕಾಸೂ ಹಿಂದಿನದಕ್ಕಿಂತ ಸುಮಾರು 17.9 ಅಂಗುಲ ಗಿಡ್ಡ. ಕಾಲಾನಂತರ ಈ ಅಂಕಿಗಳನ್ನೆಲ್ಲ ಮೂಲೆಮಟ್ಟದ ಮೈಮೇಲೆಯೇ ಕೋಷ್ಟಕವಾಗಿ ಒತ್ತಲಾಯಿತು. ವರ್ಗಮೂಲ ಅರಿಯದ ಬಡಗಿಯೂ ಅದನ್ನು ಓದಿ ಮಾಡು ಕಟ್ಟಬಲ್ಲವನಾದನು.

ಆದರೂ ಕೋಷ್ಟಕ ಕೊಡುವುದು ದಪ್ಪವಿಲ್ಲದ ಗೆರೆಯ ಉದ್ದವನ್ನು ಮಾತ್ರ. ಸಾಮಾನ್ಯ ಪಕ್ಕಾಸಿನಿಂದ ನೆತ್ತಿಯ ಹಲಗೆಯ ಅರ್ಧ ದಪ್ಪವನ್ನೂ, ಓರೆಯಾಗಿ ಬಂದು ಅದಕ್ಕೆ ತಾಗುವ ಮೂಲೆ ಪಕ್ಕಾಸಿನಿಂದ ಆ ದಪ್ಪದ ಓರೆ ಅಳತೆಯ ಅರ್ಧವನ್ನೂ ಕಳೆಯಬೇಕು. ಮೂಲೆ ಪಕ್ಕಾಸಿನ ಮೇಲಂಚು ಎರಡೂ ಇಳಿಜಾರುಗಳ ಮಟ್ಟಕ್ಕಿಂತ ಮೇಲೇಳದಂತೆ ಅದರ ಎರಡು ಪಕ್ಕಗಳನ್ನು ಓರೆಯಾಗಿ ಹೆರೆಯಬೇಕು, ಇಲ್ಲವೇ ಅದನ್ನು ಕೂರಿಸುವ ಕಚ್ಚನ್ನು ಅಷ್ಟು ಆಳ ಮಾಡಿ ಇಡೀ ಮರವನ್ನೇ ತುಸು ತಗ್ಗಿಸಬೇಕು.