ಗಿಗಾಹರ್ಟ್ಸ್ ಓಟದ ಕಥೆ



ನಮ್ಮ ಕೋಡಂಬಾಕ್ಕಂಗೆ ಕಂಪ್ಯೂಟರ್ ಹೊಸದೇನಲ್ಲ. 1990ರ ದಶಕದಲ್ಲೇ ಇಲ್ಲಿನ ಸಿನಿಮಾ ಎಡಿಟಿಂಗ್ ಕೋಣೆಗಳಲ್ಲಿ ಮೂವಿಯೋಲಾ ಯಂತ್ರದ ಜಾಗಕ್ಕೆ ಅದು ಬಂದು ಕೂತಿತು. ಆಮೇಲೆ ಮನೆಗಳಿಗೂ ಬಂತು. ಮಗಳ ಓದಿಗೆಂದು ಸಾಲ ಮಾಡಿ ರಿಚ್ಚಿ ಸ್ಟ್ರೀಟಿಗೆ ಹೋದ ಅಪ್ಪ ಅಂಗಡಿಯವರನ್ನು ಮೊದಲು ಕೇಳುತ್ತಿದ್ದದ್ದು, "ಎಷ್ಟು ಗಿಗಾಹರ್ಟ್ಸ್?" ಸಂಖ್ಯೆ ದೊಡ್ಡದಾದಷ್ಟೂ ವೇಗ ಹೆಚ್ಚು ಎಂಬ ನಂಬಿಕೆ. ಅದು ಬೆಳೆದದ್ದು ಹೇಗೆ?

1971ರ ಇಂಟೆಲ್ 4004 ಪ್ರೊಸೆಸರ್ ಸೆಕೆಂಡಿಗೆ ಸುಮಾರು ಏಳು ಲಕ್ಷ ಸಲ ಮಿಡಿಯುತ್ತಿತ್ತು. 1993ರ ಪೆಂಟಿಯಂ ಬಂದದ್ದು 60 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಆರು ಕೋಟಿ ಸಲ. 2000ದ ಮಾರ್ಚ್ 6ರಂದು ಎಎಂಡಿ ಒಂದು ಗಿಗಾಹರ್ಟ್ಸ್ ಮುಟ್ಟಿತು. ಸೆಕೆಂಡಿಗೆ ನೂರು ಕೋಟಿ! ಎರಡೇ ದಿನಕ್ಕೆ ಇಂಟೆಲ್ ಕೂಡ ಬಂತು.

ಅದೇ ವರ್ಷ ನವೆಂಬರಿನಲ್ಲಿ ಬಂದ ಪೆಂಟಿಯಂ 4ರದು 1.4 ಮತ್ತು 1.5 ಗಿಗಾಹರ್ಟ್ಸ್. ಮಿಡಿತ ಏರಿಸಲು ಅದರೊಳಗೆ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದಿದ್ದರು. ಹಾಗಾಗಿ ಒಂದೊಂದು ಮಿಡಿತಕ್ಕೆ ಆಗುವ ಕೆಲಸ ಕಡಿಮೆಯಾಯಿತು. ಎಷ್ಟೋ ಕೆಲಸಗಳಲ್ಲಿ ಹಳೆಯ ಪೆಂಟಿಯಂ 3 ಅದಕ್ಕೆ ಸರಿಸಮವಾಗಿ ನಿಂತಿತು.

ಇಡ್ಲಿಯ ಲೆಕ್ಕ ನೋಡಿ. ಒಬ್ಬರು ಗಂಟೆಗೆ ಐದು ಸಲ ಪಾತ್ರೆ ಇಳಿಸುತ್ತಾರೆ, ಸಲಕ್ಕೆ 12 ಇಡ್ಲಿ. ಇನ್ನೊಬ್ಬರು ಮೂರೇ ಸಲ, ಆದರೆ ಸಲಕ್ಕೆ 24. ಮೊದಲನೆಯವರದು 60, ಎರಡನೆಯವರದು 72. ಹಸಿದವರಿಗೆ ಬೇಕಾದದ್ದು ಇಡ್ಲಿ, ಪಾತ್ರೆ ಇಳಿಸಿದ ಲೆಕ್ಕವಲ್ಲ.

ಇದನ್ನು ಗಿರಾಕಿಗೆ ತಿಳಿಸುವುದೇ ಎಎಂಡಿಗೆ ಕಷ್ಟವಾಯಿತು. 2001ರಲ್ಲಿ ಅದು 1.33 ಗಿಗಾಹರ್ಟ್ಸ್‌ನ ಅಥ್ಲಾನ್ ಎಕ್ಸ್‌ಪಿಗೆ "1500+" ಎಂದು ಹೆಸರಿಟ್ಟಿತು. ಇತ್ತ ಇಂಟೆಲ್‌ನ ಓಟಕ್ಕೆ ಬಿಸಿಯೇ ಅಡ್ಡ ಬಂತು. 2004ರಲ್ಲಿ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನೇ ಅದು ಕೈಬಿಟ್ಟಿತು. 2006ರ ಕೋರ್ 2 ಡ್ಯುಯೊ 3 ಗಿಗಾಹರ್ಟ್ಸ್‌ಗಿಂತ ಕಡಿಮೆ ಮಿಡಿತದಲ್ಲೇ ಪೆಂಟಿಯಂ 4ನ್ನು ಹಿಂದೆ ಹಾಕಿತು. ಓಟ ಶುರು ಮಾಡಿದವರೇ ದಾರಿ ಬದಲಿಸಿದ್ದರು.

ಇಂದು ಕೊಳ್ಳುವವರಿಗೂ ಈ ಕಥೆ ಬೇಕು. ಒಂದೇ ಕಂಪನಿಯ ಒಂದೇ ತಲೆಮಾರಿನ, ಒಂದೇ ಬಗೆಯ ಪ್ರೊಸೆಸರ್‌ಗಳಾದರೆ ಗಿಗಾಹರ್ಟ್ಸ್ ಹೋಲಿಸಿ. ಇಲ್ಲವಾದರೆ ಯಾವ ವರ್ಷದ್ದು, ಎಷ್ಟು ಕೋರ್, ಎಷ್ಟು ರ್‍ಯಾಮ್, ಎಸ್‌ಎಸ್‌ಡಿ ಇದೆಯೇ ಎಂದು ಕೇಳಿ. ಸಾಧ್ಯವಾದರೆ ನೀವು ದಿನಾ ಮಾಡುವ ಕೆಲಸವನ್ನೇ ಅಂಗಡಿಯಲ್ಲಿ ಎರಡರಲ್ಲೂ ಮಾಡಿಸಿ ನೋಡಿ, ಆಮೇಲೆ ದುಡ್ಡು ಎಣಿಸಿ.